ಪದಚರ್ಚೆ: ‘ಕಂಪ್ಯೂಟರ್ ಸೈನ್ಸ್ ಅಂಡ್ ಇಂಜಿನಿಯರಿಂಗ್’ - ತುರ್ತು

ಹಾವೇರಿ ಉಪನ್ಯಾಸಕ:
ನಮಸ್ಕಾರ. ‘ಪಿಯುಸಿ ಆದಮೇಲೆ ಏನು?’ ಅಂತ ಕಾಲೇಜಿನ ಗೋಡೆಗೆ ಫ್ಲೆಕ್ಸ್ ಹಾಕಿಸ್ತಿದ್ದೇವೆ. ನಾಳೆ ನಾಲ್ಕು ಗಂಟೆಗೆ ಪ್ರಿಂಟಿಗೆ ಕೊಡಬೇಕು. ಬಿ.ಇ. ಕಂಪ್ಯೂಟರ್ ಸೈನ್ಸ್ ಅಂಡ್ ಇಂಜಿನಿಯರಿಂಗ್, ಬಿ.ಎಸ್ಸಿ. ಕಂಪ್ಯೂಟರ್ ಸೈನ್ಸ್, ಬಿಸಿಎ - ಮೂರಕ್ಕೂ ಕನ್ನಡ ಬೇಕು. ಹೋದ ವರ್ಷ ಬಿ.ಇ.ಗೆ ‘ಗಣಕ ವಿಜ್ಞಾನ ಮತ್ತು ತಂತ್ರಜ್ಞಾನ’, ಬಿ.ಎಸ್ಸಿ.ಗೆ ಬರೀ ‘ಗಣಕ ವಿಜ್ಞಾನ’ ಹಾಕಿದ್ದೆವು. ಒಬ್ಬ ಪಾಲಕರು ಬೋರ್ಡಿನ ಮುಂದೆ ನಿಂತು, ‘ಸರ, ಗಣಕ ವಿಜ್ಞಾನ ನಾಕ್ ವರ್ಷ, ತಂತ್ರಜ್ಞಾನ ಮತ್ತ ನಾಕ್ ವರ್ಷೇನ್ರಿ?’ ಅಂದರು. ನಾನು ನಗಲಿಲ್ಲ. ಬೋರ್ಡು ಹಾಗೇ ಓದಿಸ್ತಿತ್ತು.

ಮೈಸೂರು:
‘ಗಣಕ’ವೇ ತಪ್ಪು. ಲೇಖಕ, ಪಾಠಕ, ಗಣಕ - ಎಲ್ಲವೂ ಕರ್ತೃವಾಚಿ. ಗಣಕ ಎಂದರೆ ಲೆಕ್ಕ ಹಾಕುವ ಮನುಷ್ಯ, ಜೋಯಿಸ. ಯಂತ್ರಕ್ಕೆ ‘ಗಣಕಯಂತ್ರ’ ಎನ್ನಬೇಕು. ಕೇರಳದ ಜೋಯಿಸ ಸಮುದಾಯದ ಕಣಿಯಾನ್, ನಮ್ಮಲ್ಲಿ ಕೊರವಂಜಿ ಹೇಳುವ ಕಣಿ, ಎಲ್ಲ ಈ ಗಣಕದ ಕುಲವೇ ಎಂದು ನನ್ನ ಬಹುಕಾಲದ ಊಹೆ.

ಬೆಂಗಳೂರು, ಸಾಫ್ಟ್‌ವೇರ್:
ಇಂಗ್ಲಿಷಿನಲ್ಲೂ ‘ಕಂಪ್ಯೂಟರ್’ ಮೊದಲು ಮನುಷ್ಯರೇ ಆಗಿದ್ದರು ಸ್ವಾಮಿ. ನಾಸಾದಲ್ಲಿ ಕೂತು ಲೆಕ್ಕ ಹಾಕುತ್ತಿದ್ದ ಹೆಂಗಸರ ಹುದ್ದೆಯ ಹೆಸರೇ ಅದು. ಆ ಪದ ಮನುಷ್ಯರಿಂದ ಯಂತ್ರಕ್ಕೆ ದಾಟಿತು, ಗಣಕವೂ ದಾಟಲಿ ಬಿಡಿ.

ಶಿವಮೊಗ್ಗ:
ಗಣಕವೂ ಬೇಡ, ಕಂಪ್ಯೂಟರೂ ಬೇಡ. ಎಣಿಸುವುದು ನಮ್ಮದೇ ಮಾತು. ಎಣ್ಣುಕ, ಎಣ್ಣುಕದರಿಮೆ. ಸಂಸ್ಕ್ರುತದ ಬಾರ ಹೊತ್ತಿದ್ದು ಸಾಕು.

ಹಾವೇರಿ ಉಪನ್ಯಾಸಕ:
ಎಣ್ಣುಕ ಅಂದ್ರ ನಮ್ಮ ಕಡೆ ಹುಡುಗರು ಎಣ್ಣಿ ಗಾಣ ಹುಡುಕ್ತಾರ್ರೀ.

ಮೈಸೂರು:
ಮಹಾಪ್ರಾಣವನ್ನೇ ಕಳೆದುಕೊಂಡವರ ಜತೆ ನಾನು ಚರ್ಚಿಸುವುದಿಲ್ಲ.

ಪುಣೆ:
ಇಲ್ಲಿ ಪದವಿಯ ಹೆಸರೇ ‘ಕಂಪ್ಯೂಟರ್ ಎಂಜಿನಿಯರಿಂಗ್’. ಮರಾಠಿಯಲ್ಲಿ ಸಂಗಣಕ ಅಭಿಯಾಂತ್ರಿಕಿ. ‘ಅಂಡ್’ ಇಲ್ಲ, ರಗಳೆಯೂ ಇಲ್ಲ. ‘ಗಣಕ ಅಭಿಯಾಂತ್ರಿಕತೆ’ ಮಾಡಿಕೊಳ್ಳಿ.

ಬೆಂಗಳೂರು, ಸಾಫ್ಟ್‌ವೇರ್:
ಲೋಕೋಪಯೋಗಿ ಕಚೇರಿಯ ಬೋರ್ಡಿನಲ್ಲಿ ‘ಅಭಿಯಂತರರು’ ಇದ್ದಾರೆ, ಸರಿ. ಸೈಟಿನಲ್ಲಿ ಮೇಸ್ತ್ರಿ ಕರೆಯುವುದು ‘ಎಂಜಿನಿಯರ್ ಸಾಹೇಬ್ರೇ’ ಅಂತ. ಬೋರ್ಡಿನಿಂದ ಬಾಯಿಗೆ ಇಳಿಯದ ಪದ ಅದು.

ಇನ್ನು ಆ ‘ಅಂಡ್’. ಅದು ಎರಡು ಪದವಿಗಳನ್ನು ಜೋಡಿಸುತ್ತಿಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ (ವಿಟಿಯು) ಬಿ.ಇ.ಯ ಒಂದು ಶಾಖೆಯ ಹೆಸರು, ಅಷ್ಟೇ. ಓದುವುದು ಅಲ್ಗಾರಿದಮ್, ಆಪರೇಟಿಂಗ್ ಸಿಸ್ಟಂ, ಡೇಟಾಬೇಸ್. ಬರೀ ‘ಕಂಪ್ಯೂಟರ್ ಎಂಜಿನಿಯರಿಂಗ್’ ಎಂದರೆ ಅಮೆರಿಕದಂಥ ಕಡೆ ಪ್ರೊಸೆಸರ್, ಸರ್ಕ್ಯೂಟಿನತ್ತ ವಾಲುತ್ತದೆ. ಇಲ್ಲಿ ಆ ಪಾಲು ಹೆಚ್ಚಾಗಿ ಇ.ಸಿ. (ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್) ಶಾಖೆಯವರದ್ದು. ಹಾಗಾಗಿ ಪುಣೆಯವರ ಹೆಸರನ್ನು ಹಾವೇರಿಯ ಗೋಡೆಗೆ ಅಂಟಿಸಿದರೆ ಹುಡುಗರು ಸಿಇಟಿ ಪಟ್ಟಿಯಲ್ಲಿ ಇಲ್ಲದ ಕೋರ್ಸನ್ನು ಹುಡುಕುತ್ತಾರೆ. ಇನ್ನೊಂದು ತೊಡಕು: ಎಸ್ಸೆಸ್ಸೆಲ್ಸಿ ಮುಗಿಸಿ ಪಾಲಿಟೆಕ್ನಿಕ್ ಸೇರುವವರ 3 ವರ್ಷದ ಡಿಪ್ಲೊಮಾಕ್ಕೂ ಬಿ.ಇ.ಯ ಇದೇ ಹೆಸರು. ಅವರು ಡಿಸಿಇಟಿ (ಡಿಪ್ಲೊಮಾದವರ ಸಿಇಟಿ) ಬರೆದು ಬಿ.ಇ. ಎರಡನೇ ವರ್ಷಕ್ಕೆ ಬರುತ್ತಾರೆ. ಹೆಸರಿನ ಜತೆ ವರ್ಷ ಹಾಕಿ.

ಪುಣೆ:
ಅಂದರೆ ಎಲ್ಲಾ ಇಂಗ್ಲಿಷೇ ಇರಲಿ ಅಂತ. 2021ರಲ್ಲಿ ಎಐಸಿಟಿಇ (ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ) ಕನ್ನಡದಲ್ಲೂ ಎಂಜಿನಿಯರಿಂಗ್ ಕಲಿಸಬಹುದು ಅಂದಿತಲ್ಲ, ಆ ಪುಸ್ತಕ ಯಾವ ಪದದಲ್ಲಿ ಬರೆಯುತ್ತೀರಿ?

ಬೆಂಗಳೂರು, ಸಾಫ್ಟ್‌ವೇರ್:
ಪುಸ್ತಕಕ್ಕೆ ಪದ ಕಟ್ಟಿ, ಬೇಡ ಅಂದವರಾರು? ಅರ್ಜಿಯಲ್ಲಿ ತುಂಬುವ ಹೆಸರನ್ನು ಮುಟ್ಟಬೇಡಿ.

ಶಿವಮೊಗ್ಗ:
ಇದೇ ಕಡ ತರುವ ಚಾಳಿ.

ಹಾವೇರಿ ಉಪನ್ಯಾಸಕ:
ನಾಲ್ಕು ಗಂಟೆ ಆಯ್ತು, ಹೀಗೆ ಕೊಟ್ಟೆ:

‘ಬಿ.ಇ. (ಕಂಪ್ಯೂಟರ್ ಸೈನ್ಸ್ & ಇಂಜಿನಿಯರಿಂಗ್): ಒಂದೇ ಪದವಿ, 4 ವರ್ಷ. ಸರ್ಕಾರಿ ಸೀಟಿಗೆ ಸಿಇಟಿ ಬರೆಯಬೇಕು. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಓದಿರಬೇಕು.
ಬಿ.ಎಸ್ಸಿ. (ಗಣಕ ವಿಜ್ಞಾನ): 3 ವರ್ಷ, ಡಿಗ್ರಿ ಕಾಲೇಜಿನಲ್ಲಿ.
ಬಿಸಿಎ: 3 ವರ್ಷ. ಸಾಫ್ಟ್‌ವೇರ್ ಕಡೆ ಒತ್ತು. ಕಾಮರ್ಸ್‌ನವರೂ ವಿಚಾರಿಸಬಹುದು.’

‘ಒಂದೇ ಪದವಿ’ ಅನ್ನೋದನ್ನು ದಪ್ಪ ಅಕ್ಷರದಲ್ಲಿ ಹಾಕಿಸಿದೀನಿ. ಯೂನಿಕೋಡ್ ಕಳಿಸಿದ್ದೆ, ಅಂಗಡಿಯವ ‘ನುಡಿ’ ಫಾಂಟಿಗೆ ತಿರುಗಿಸೋವಾಗ ‘ಸೈನ್ಸ್’ನ ಸಕಾರ ಎರಡು ಸಲ ಹಾರಿಹೋಯ್ತು. ಪಕ್ಕದಲ್ಲೇ ಕೂತು ತಿದ್ದಿಸಿದೆ.

ಮೈಸೂರು:
‘ಇಂಜಿನಿಯರಿಂಗ್’ ಅಲ್ಲ. ‘ಎಂಜಿನಿಯರಿಂಗ್’.

ಹಾವೇರಿ ಉಪನ್ಯಾಸಕ:
ಗೋಡೆಗೆ ಮೊಳೆ ಹೊಡೆದಾಯ್ತು ಸರ್.