ಪ್ರೋ-ಟ್ರೇ ಒಂದ ಸಾಲಿನ ತಳ ಪೂರಾ ಇಳಿವಲ್ದು, ಹೀಟರ್ ಎಲ್ಲಾ ಬದಲಿ ಮಾಡ್ಲೇನ್ರಿ?

ತಾರಿಹಾಳ ಟ್ರೇ: ನಮಸ್ಕಾರ್ರಿ ಎಲ್ಲಾರ್ಗೂ. ನಮ್ಮದು ಹುಬ್ಬಳ್ಳಿ ಹತ್ರ ತಾರಿಹಾಳದಾಗ ಸಣ್ಣ ಯೂನಿಟ್. 2022ರ ಜುಲೈಯಾಗ ಒಮ್ಮೆ ಬಳಸಿ ಒಗಿಯೂ ಪ್ಲಾಸ್ಟಿಕ್ ಪ್ಲೇಟು, ಕಪ್ ಬಂದ್ ಆದಮ್ಯಾಲೆ ಸಸಿ ಬೆಳಸೂ ನರ್ಸರಿ ಟ್ರೇಕ (ಪ್ರೋ-ಟ್ರೇ) ಹೊಳ್ಳೀವಿ, 98 ಸೆಲ್ಲಿಂದು (ಸೆಲ್ ಅಂದ್ರ ಸಸಿ ಗುಳಿ), ಹಿಪ್ಸ್ ಶೀಟ್ (ಪಾಲಿಸ್ಟೈರಿನ್ ಪ್ಲಾಸ್ಟಿಕ್), ರೋಲ್ ಫೀಡ್ ವ್ಯಾಕ್ಯೂಮ್ ಮಷಿನ್. ರೋಲಿನ ಶೀಟಿನ ಎರಡೂ ಅಂಚು ಚೈನ್ ಹಿಡದು ಎಳೀತೈತಿ, ಹೀಟರ್ ಮೆತ್ತಗ ಮಾಡ್ತೈತಿ, ಆಮ್ಯಾಲೆ ಪಂಪ್ ಗಾಳಿ ಎಳದು ಮೋಲ್ಡಿಗೆ ಕೂಡಸ್ತೈತಿ. ಮುಂಜಾನೆ ಮಾಲು ಚಲೋ ಬರ್ತೈತಿ, ಊಟದ ಹೊತ್ತು ದಾಟಿದ್ರ ಆಪರೇಟರ್ ನಿಲ್ಲೋ ಬಾಜೂಕ ಚೈನಿಗೆ ಹತ್ತಿದ ಸಾಲು ಕೆಡ್ತೈತಿ, ಸೆಲ್ಲಿನ ಮೂಲಿ ದುಂಡಗ ಉಳೀತಾವ. ಹುಡುಗ್ರು ಹೀಟ್ ಏರಿಸಿದ್ರ ನಡುವ ಶೀಟ್ ಜೋತು ಬಿದ್ದು ಸೆಲ್ ಸಂದ್ಯಾಗ ಮಡಿಕಿ ಬೀಳ್ತಾವ. ಹೀಟರ್ ಮಾರಾಂವ ಬಂದು ಮ್ಯಾಲಿನ ಸೆರಾಮಿಕ್ ಹೀಟರ್ ಪೂರಾ ಸೆಟ್ ಬದಲಿ ಮಾಡ್ರಿ ಅಂತ ಹೇಳಿ ಹೋಗ್ಯಾನ. ರಾಣೆಬೆನ್ನೂರ ನರ್ಸರಿಯವರ ಆರ್ಡರ್ ಕುತ್ತಿಗಿಗೆ ಬಂದೈತಿ, ಭಾಳ ಹೊತ್ತು ನಿಲ್ಸಾಕ ಆಗಂಗಿಲ್ಲ.

ಗೋಕುಲ ರೋಡ್ ಎಲೆಕ್ಟ್ರಿಶಿಯನ್: ಮಾರಾಂವ ಮತ್ತೇನ್ ಹೇಳ್ತಾನ್ರಿ. ಮೊದಲ ಕ್ಲಾಂಪ್ ಮೀಟರ್ (ವಾಯರ್ ಸುತ್ತ ಹಿಡದು ಆಂಪ್ ಅಳಿಯೂದು) ಹಿಡದು ಒಂದೊಂದ ಝೋನ್, ಅಂದ್ರ ಒಟ್ಟಿಗೆ ನಡಿಯೂ ಹೀಟರ್ ಗುಂಪು, ನೋಡ್ರಿ. 650 ವ್ಯಾಟಿಂದು ಒಂದು ಸೆರಾಮಿಕ್ 230 ವೋಲ್ಟಿಗೆ 2.8 ಆಂಪ್ ಹತ್ರ ಎಳೀತೈತಿ, ಝೋನಿನಾಗ ನಾಕು ಇದ್ರ 11ರ ಮ್ಯಾಲೆ ತೋರಸ್ಬೇಕು, 8 ಚಿಲ್ಲರ ತೋರ್ಸಿದ್ರ ಒಂದು ಸತ್ತೈತಿ ಅಂತ ತಿಳ್ಕೋರಿ. ಸೆರಾಮಿಕ್ ಕೆಂಪಗ ಹೊಳಿಯಂಗಿಲ್ಲ, ಕಣ್ಣಿಲೆ ನೋಡಿದ್ರ ಬದುಕಿದ್ದೂ ಸತ್ತಿದ್ದೂ ಒಂದ ನಮೂನಿ ಕಾಣ್ತಾವ. ಇನ್ನ ಎಸ್‌ಎಸ್‌ಆರ್ (ಹೀಟರಿಗೆ ಕರೆಂಟ್ ಬಿಡೂ ಎಲೆಕ್ಟ್ರಾನಿಕ್ ಸ್ವಿಚ್) ಕೆಟ್ರ ಭಾಳ ಸಲ ಶಾರ್ಟ್ ಆಗಿ ಆನ್‌ ಉಳೀತೈತಿ, ಕಂಟ್ರೋಲರ್ ಲೈಟ್ ಆರಿದ್ರೂ ಕರೆಂಟ್ ಹೊಂಟಿರ್ತೈತಿ. ನಡುವ ಜೋತು ಬೀಳಾಕ ಅದೂ ಕಾರಣ ಇರಬಹುದು.

ಗದಗ ಫಿಟ್ಟರ್: ಹೀಟರ್ ಸತ್ತಿದ್ರ ಮುಂಜಾನಿನೂ ಕೆಡಬೇಕಲ್ರಿ ಅಣ್ಣಾರ? ಮುಂಜಾನೆ ಚಲೋ ಬಂದು ಮಧ್ಯಾಹ್ನ ಕೆಡ್ತೈತಿ ಅಂದ್ರ ವ್ಯಾಕ್ಯೂಮ್ ನೋಡ್ರಿ. ಪಂಪ್ ಕಾದ ಮ್ಯಾಲೆ ಎಣ್ಣಿ ತೆಳ್ಳಗಾಗಿ ಎಳ್ತ ಕಮ್ಮಿ ಆಕ್ಕೈತಿ. ಸೈಟ್ ಗ್ಲಾಸಿನಾಗ ಎಣ್ಣಿ ಹಾಲಿನಂಗ ಬೆಳ್ಳಗ ಕಂಡ್ರ ನೀರು ಸೇರೈತಿ, ಬದಲಿ ಮಾಡ್ರಿ.

ತಾರಿಹಾಳ ಟ್ರೇ: ಎಣ್ಣಿ ಸ್ವಚ್ಛ ಐತ್ರಿ. ಆದ್ರ ಟ್ಯಾಂಕಿನ ಗೇಜ್ 680ರ ಮ್ಯಾಲೆ ಹೋಗಂಗಿಲ್ಲ. ಪಂಪಿನ ಬುಕ್ಕಿನಾಗ 750 ಎಂಎಂ (ಪಾದರಸದ ಲೆಕ್ಕ) ಬರದಾರ. ಪಂಪ್ ಹೋತೇನು ಹಂಗಾರ?

ಧಾರವಾಡ ಡಿಪ್ಲೊಮಾ: ಪಂಪ್ ಸುಮ್ನ ಬಿಚ್ಚಬ್ಯಾಡ್ರಿ ಸರ್. ಬುಕ್ಕಿನ 750 ಸಮುದ್ರ ಮಟ್ಟದ ಲೆಕ್ಕ, ಅಲ್ಲಿ ಗಾಳಿ ಒತ್ತಡ 760 ಎಂಎಂ ಇರ್ತೈತಿ. ಹುಬ್ಬಳ್ಳಿ ಸುಮಾರು 670 ಮೀಟರ್ ಎತ್ತರದಾಗ ಐತಿ, ಇಲ್ಲಿ ಹೊರಗಿನ ಗಾಳಿ ಒತ್ತಡಾನ 700 ಎಂಎಂ ಆಸುಪಾಸು. ಗೇಜ್ ಅದಕ್ಕಿಂತ ಜಾಸ್ತಿ ತೋರ್ಸಾಕ ಸಾಧ್ಯನ ಇಲ್ಲ. 680 ಅಂದ್ರ ಪಂಪ್ ಗಟ್ಟಿ ಐತಿ. ನಾವು ಶೀಟಿನ ಮ್ಯಾಲೆ ಹಾಕೋ ಒತ್ತಡ ಮಂಗಳೂರಿನವರಿಗಿಂತ ಹೆಂಗಿದ್ರೂ ಏಳೆಂಟು ಪರ್ಸೆಂಟ್ ಕಮ್ಮಿನ, ಅಲ್ಲಿನ ಸೆಟ್ಟಿಂಗ್ ಇದ್ದದ್ದ ಇದ್ದಂಗ ಇಲ್ಲಿ ಹಾಕಿದ್ರ ಮೂಲಿ ದುಂಡಗ ಬಂದ್ರೂ ಬಂತು.

ಗದಗ ಫಿಟ್ಟರ್: ಲೆಕ್ಕ ಖರೆ ಐತಿ, ಒಪ್ಪಿದೆ. ಆದ್ರ ನಿಂತಾಗಿನ 680 ನೋಡಿ ಸಮಾಧಾನ ಆಗಬ್ಯಾಡ್ರಿ. ವಾಲ್ವ್ ತಗದ ಹೊತ್ತಿನ್ಯಾಗ ಮುಳ್ಳು ಎಲ್ಲಿಗೆ ಬೀಳ್ತೈತಿ, ಮುಂದಿನ ಶಾಟ್ (ಮುಂದಿನ ಸಲ ಶೀಟ್ ಎಳಿಯೂದು) ಬರೂದ್ರಾಗ ಹೊಳ್ಳಿ ಏರ್ತೈತೋ ಇಲ್ಲೋ, ಅದು ಮುಖ್ಯ. ಏರವಲ್ದು ಅಂದ್ರ ಫಿಲ್ಟರ್ ಕಟ್ಟೈತಿ ಇಲ್ಲಾ ಎಲ್ಲೋ ಲೀಕ್ ಐತಿ.

ಹಾವೇರಿ ಆಪರೇಟರ್: ಎಲ್ಲಾರೂ ಮಷಿನ್ ಒಳಗ ಹುಡುಕಾಕತ್ತೀರಿ. ಒಂದ ಕೇಳ್ತೀನಿ, ಆಪರೇಟರ್ ಬಾಜೂಕ ಫ್ಯಾನ್ ಐತೇನ್ರಿ?

ತಾರಿಹಾಳ ಟ್ರೇ: ಐತಿ. ಸ್ಟ್ಯಾಂಡ್ ಫ್ಯಾನ್. ಮಧ್ಯಾಹ್ನ ಹಚ್ಚತಾರ.

ಹಾವೇರಿ ಆಪರೇಟರ್: ಅಲ್ಲೇ ಐತಿ ನೋಡ್ರಿ ಗಂಟು. ಹೀಟರಿನಿಂದ ಮೋಲ್ಡಿಗೆ ಶೀಟ್ ಬರೂ ಸಂದ್ಯಾಗ ಗಾಳಿ ಬಡದು ಆ ಅಂಚು ತಣ್ಣಗಾಕ್ಕೈತಿ. ಹಿಪ್ಸ್ 150ರಿಂದ 170 ಡಿಗ್ರಿ ಒಳಗ ಇದ್ರ ಚಂದ ಕೂಡ್ತೈತಿ, ಚೈನ್ ಅಂಚು ಮೊದಲ ಅರ್ಧ ತಣ್ಣಗ ಇರ್ತೈತಿ, ಮ್ಯಾಲಿಂದ ಫ್ಯಾನ್ ಬ್ಯಾರೆ. ನೀವು ಪೂರಾ ಹೀಟ್ ಏರ್ಸಿದ್ರ ಅಂಚಿಗೆ ಸಾಲೂದಿಲ್ಲ, ನಡುವಿಂದು ಸುಡ್ತೈತಿ. ಐಆರ್ ಗನ್ನಿನಾಗ (ದೂರದಿಂದ ಬಿಸಿ ಅಳಿಯೂದು) ಎಮಿಸಿವಿಟಿ, ಅಂದ್ರ ವಸ್ತು ಎಷ್ಟು ಬಿಸಿ ಸೂಸ್ತೈತಿ ಅನ್ನೂ ಸೆಟ್ಟಿಂಗ್, 0.95 ಇಟ್ಟು ಶೀಟ್ ಹೀಟರ್ ಬಿಟ್ಟ ಕೂಡ್ಲೆ ನಡುವ ಒಮ್ಮೆ, ಅಂಚಿಗೆ ಒಮ್ಮೆ ಹಿಡೀರಿ. ಕಂಟ್ರೋಲರಿನ ನಂಬರ್ ಹೀಟರಿಂದು, ಶೀಟಿಂದಲ್ಲ.

ಗೋಕುಲ ರೋಡ್ ಎಲೆಕ್ಟ್ರಿಶಿಯನ್: ಹಂಗಾರ ಫ್ಯಾನ್ ಬಂದ್ ಮಾಡಿಸ್ರಿ, ಮುಗೀತು. ಐದು ಪೈಸಾ ಖರ್ಚಿಲ್ಲ.

ಹಾವೇರಿ ಆಪರೇಟರ್: ಬಂದ್ ಮಾಡ್ಸೂದಾ? ಎಪ್ರಿಲ್‌ನ್ಯಾಗ ಪತ್ರಾಸ್ ಶೆಡ್ಡಿನ ಕೆಳಗ ಹೀಟರ್ ಮುಂದ ನೀವ ಒಂದ ಶಿಫ್ಟ್ ನಿಂದರ್ರಿ, ಆಮ್ಯಾಲೆ ಹೇಳ್ರಿ. ಫ್ಯಾನ್ ಇರ್ಲಿ, ಮಷಿನ್ ಬಾಜೂ ತಗಡಿನ ಅಡ್ಡ ಹಚ್ಚಿ ಗಾಳಿ ಮನಿಷ್ಯಾಗಷ್ಟ ಹತ್ತೂ ಹಂಗ ತಿರುಗಿಸ್ರಿ. ಅಂಚಿನ ಝೋನ್ ಮಾತ್ರ ಸ್ವಲ್ಪ ಏರಿಸ್ರಿ. ತಗಡಿನ ಅಡ್ಡ ಹೀಟರ್ ಸೆಟ್ಟಿಗಿಂತ ತುಟ್ಟಿ ಆಗಂಗಿಲ್ಲ.

ಗೋಕುಲ ರೋಡ್ ಎಲೆಕ್ಟ್ರಿಶಿಯನ್: ಸಿಟ್ಟಾಗಬ್ಯಾಡ್ರಿ ಮಾರಾಯ್ರ, ಅಡ್ಡ ಹಚ್ಚೂದು ಚಲೋ ಐಡಿಯಾ. ಆದ್ರೂ ಆಂಪ್ಸ್ ನೋಡ್ರಿ ಅಂತೀನಿ.

ತಾರಿಹಾಳ ಟ್ರೇ: ಅಡ್ಡ ಹಚ್ಚಿದ್ವಿ. ನಡುವ 162, ಅಂಚಿಗೆ 139 ಇತ್ತು, ಈಗ ಅಂಚು 150ರ ಮ್ಯಾಲೆ ಬರ್ತೈತಿ. ಸಾಲು ಸುಧಾರಿಸ್ತು, ಆಂಪ್ಸ್ ಎಲ್ಲಾ ಝೋನಿನಾಗೂ ಸರಿ ಐತಿ. ಆದ್ರ ಅದ ಸಾಲಿನ ಕಡೀ ಎರಡು ಸೆಲ್ ಇನ್ನೂ ದುಂಡಗ.

ಗದಗ ಫಿಟ್ಟರ್: ಎರಡ ಸೆಲ್ ಅಂದ್ರ ಮೋಲ್ಡಿನ್ಯಾಗ ಗಾಳಿ ಹೋಗೂ ತೂತು ಮುಚ್ಚ್ಯಾವ. ಚೈನಿನ ಗ್ರೀಸ್ ಜಾಸ್ತಿ ಆಗಿ ತೊಟ್ಟಿಕ್ಕಿ, ಮ್ಯಾಲೆ ಪ್ಲಾಸ್ಟಿಕ್ ಧೂಳು ಕುಂತು ಮೆತ್ತಿರ್ತೈತಿ. ಮೇನ್ ಐಸೊಲೇಟರ್ (ಮಷಿನಿನ ಮುಖ್ಯ ಸ್ವಿಚ್) ಬಂದ್ ಮಾಡಿ ಬೀಗ ಹಾಕಿ ಚಾವಿ ಕಿಸೆದಾಗ ಇಟ್ಕೋರಿ, ಏರ್ ಲೈನ್ ಖಾಲಿ ಮಾಡ್ರಿ, ಪ್ಲೇಟನ್ (ಮೋಲ್ಡ್ ಕುಂತಿರೂ ಏರಿಳಿಯೂ ಪ್ಲೇಟ್) ಕೆಳಗ ಗಟ್ಟಿ ಬ್ಲಾಕ್ ಕೊಡ್ರಿ, ಆಮ್ಯಾಲೆ ಕೈ ಹಾಕ್ರಿ. ಮೊದಲಿನ ಸೈಜಿನ ಬಿಟ್ ಕೈಯಾಗ ಹಿಡದು ತಿರುವ್ರಿ, ಡ್ರಿಲ್ ಮಷಿನ್ ಬ್ಯಾಡ. ತೂತು ದೊಡ್ಡದಾತಂದ್ರ ಟ್ರೇ ಮ್ಯಾಲೆ ಮೊಡವಿ ಎದ್ದಂಗ ಗುರ್ತು ಮೂಡ್ತೈತಿ.

ತಾರಿಹಾಳ ಟ್ರೇ: ಖರೇನ ಕಪ್ಪು ಮೇಣದಂಥಾದ್ದು ತುಂಬಿತ್ರಿ. ತಗದ್ವಿ, ಮೂಲಿ ಬಂದ್ವು. ಹೀಟರ್ ಸೆಟ್ ತಗೊಳ್ಳಂಗಿಲ್ಲ, ಎರಡು ಸ್ಪೇರ್ ತರ್ತೀನಿ. ಚೈನಿಗೆ ಯಾವ ಗ್ರೀಸ್ ಹಚ್ಚತೀರಿ ನೀವು?

ಗದಗ ಫಿಟ್ಟರ್: ಹೈ ಟೆಂಪರೇಚರ್‌ದು, ಬ್ರಶ್ಶಿಲೆ ತೆಳ್ಳಗ. ಹುಡುಗ್ರು ಡಬ್ಬಿಗಟ್ಟಲೆ ಬಳೀತಾರ, ಅದನ್ನ ಮೊದಲ ಬಂದ್ ಮಾಡಿಸ್ರಿ.