ಮೂಳೆ, ಹಲ್ಲು ಗಟ್ಟಿಯಾಗುವುದನ್ನು ಮೈಕ್ರೋಸ್ಕೋಪಲ್ಲಿ ನೋಡಬೇಕು, ಎಲ್ಲಿಂದ ಶುರು ಮಾಡಲಿ?

ಕೇಳಿದವರು: ಎಂಎಸ್‌ಸಿ ಪ್ರಾಣಿಶಾಸ್ತ್ರ, ಕೊನೆಯ ವರ್ಷ

ಪ್ರಾಣಿಗಳ ಮೈಯಲ್ಲಿ ಖನಿಜ ಹೇಗೆ ಕೂರುತ್ತದೆ ಅನ್ನುವುದನ್ನೇ ಪ್ರಾಜೆಕ್ಟಿಗೆ ತೆಗೆದುಕೊಂಡಿದ್ದೇನೆ. ವಿಭಾಗದಲ್ಲಿ ಸಾಮಾನ್ಯ ಲೈಟ್ ಮೈಕ್ರೋಸ್ಕೋಪ್, ಹಳೆಯ ಮೈಕ್ರೋಟೋಮ್ (ಸೆಕ್ಷನ್, ಅಂದರೆ ತೆಳು ಪದರ, ಕತ್ತರಿಸುವ ಯಂತ್ರ), ಮೇಣದಲ್ಲಿ ಕೂರಿಸುವ ವ್ಯವಸ್ಥೆ ಇವೆ. ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಇಲ್ಲ. ಒಬ್ಬ ಸೀನಿಯರ್ "ಮೂಳೆಯನ್ನು ಆಸಿಡ್‌ನಲ್ಲಿ ಮೆತ್ತಗೆ ಮಾಡಿ ಸೆಕ್ಷನ್ ತೆಗಿ" ಅಂದರು. ಇನ್ನೊಬ್ಬರು "ಅಲಿಜರಿನ್ ರೆಡ್ ಬಣ್ಣ ಹಾಕು, ಸಾಕು" ಅಂದರು. ಯಾವ ಪ್ರಾಣಿ, ಯಾವ ದಾರಿ? ಈ ಕೆಲಸ ಮಾಡಿದವರು ದಯವಿಟ್ಟು ಹೇಳಿ.

ಹಿಸ್ಟಾಲಜಿ ಟೆಕ್ನಿಷಿಯನ್, ಹುಬ್ಬಳ್ಳಿ

ಇಬ್ಬರೂ ಹೇಳಿದ್ದು ಸರಿಯೇ. ಆದರೆ ಎರಡನ್ನೂ ಒಂದೇ ತುಂಡಿನ ಮೇಲೆ ಮಾಡೋಕೆ ಆಗಲ್ಲ. ಆಸಿಡ್ ಖನಿಜವನ್ನು ಕರಗಿಸುತ್ತದೆ, ಅಲಿಜರಿನ್ ಹಿಡಿಯುವುದು ಆ ಖನಿಜದಲ್ಲಿರುವ ಕ್ಯಾಲ್ಸಿಯಂ ಅನ್ನೇ. ಹಾಗಾಗಿ ಮೊದಲು ತೀರ್ಮಾನ ಮಾಡಿ: ಸ್ಲೈಡಿನಲ್ಲಿ ಖನಿಜ ಉಳಿಯಬೇಕಾ, ಹೋಗಬೇಕಾ? ಜೀವಕೋಶ ನೋಡಬೇಕಾದರೆ ಹೋಗಲಿ. ಖನಿಜವನ್ನೇ ನೋಡಬೇಕಾದರೆ ಫಿಕ್ಸ್ ಮಾಡುವ, ಅಂದರೆ ತುಂಡು ಕೆಡದಂತೆ ಫಾರ್ಮಾಲಿನ್‌ಗೆ ಹಾಕುವ, ಹೊತ್ತಿನಿಂದಲೇ ಕಾಪಾಡಬೇಕು. ಬಫರ್ ಇಲ್ಲದ ಹಳೆಯ ಫಾರ್ಮಾಲಿನ್‌ನಲ್ಲಿ ನಿಧಾನವಾಗಿ ಫಾರ್ಮಿಕ್ ಆಸಿಡ್ ಹುಟ್ಟುತ್ತದೆ. ಬಾಟಲಿಯಲ್ಲಿಟ್ಟ ಸಣ್ಣ ಮೂಳೆಯ ಖನಿಜ ನಿಮಗೆ ಗೊತ್ತೇ ಆಗದ ಹಾಗೆ ಹೋಗಿಬಿಡುತ್ತದೆ. 10% ನ್ಯೂಟ್ರಲ್ ಬಫರ್ಡ್ ಫಾರ್ಮಾಲಿನ್ ಬಿಟ್ಟು ಬೇರೆ ಬಳಸಬೇಡಿ.

ಡೀಕ್ಯಾಲ್ಸಿಫಿಕೇಶನ್, ಅಂದರೆ ಖನಿಜ ತೆಗೆಯುವುದು, ಮಾಡುವುದಾದರೆ, ಟೈಮ್ ಇದ್ದರೆ ಕ್ಯಾಲ್ಸಿಯಂ ಹಿಡಿದು ತೆಗೆಯುವ ಇಡಿಟಿಎ ಒಳ್ಳೆಯದು. 10ರಿಂದ 14%, ಪಿಎಚ್ 7.2ರಿಂದ 7.4. ವಾರಗಟ್ಟಲೆ ಹಿಡಿಯುತ್ತದೆ, ಆದರೆ ಜೀವಕೋಶ ಚೆನ್ನಾಗಿ ಉಳಿಯುತ್ತದೆ. 5ರಿಂದ 10% ಫಾರ್ಮಿಕ್ ಆಸಿಡ್ ಆದರೆ ಕೆಲವು ದಿನ. ನೈಟ್ರಿಕ್ ಆಸಿಡ್ ಇನ್ನೂ ಬೇಗ, ಆದರೆ ಸ್ವಲ್ಪ ಜಾಸ್ತಿ ಹೊತ್ತು ಇಟ್ಟರೆ ನ್ಯೂಕ್ಲಿಯಸ್‌ಗೆ ಹೆಮಟಾಕ್ಸಿಲಿನ್ ಬಣ್ಣ ಹಿಡಿಯುವುದೇ ಇಲ್ಲ. ನನ್ನ ಕೇಳಿದರೆ ಬೇಡ. ತುಂಡಿನ 20 ಪಟ್ಟಾದರೂ ದ್ರಾವಣ ಇರಲಿ. ತಳದಲ್ಲಿ ಕೂರಲು ಬಿಡದೆ ದಾರಕ್ಕೆ ಕಟ್ಟಿ ಇಳಿಬಿಡಿ.

ಆಸಿಡ್‌ನಲ್ಲಿ ಇಟ್ಟಾಗ ಮುಗಿಯಿತಾ ಅಂತ ನೋಡಲು ಸೂಜಿ ಚುಚ್ಚಬೇಡಿ. ಆ ತೂತು ಸೆಕ್ಷನ್‌ನಲ್ಲಿ ಕಾಣುತ್ತದೆ. ತುಂಡು ಇಟ್ಟಿದ್ದ ಆಸಿಡ್ ಸ್ವಲ್ಪ ತೆಗೆದು, ಅಮೋನಿಯಾ ಹಾಕಿ ನ್ಯೂಟ್ರಲ್ ಮಾಡಿ, ಅಮೋನಿಯಂ ಆಕ್ಸಲೇಟ್ ಬೆರೆಸಿ. ಬೆಳ್ಳಗೆ ಕಲಕಿದರೆ ಕ್ಯಾಲ್ಸಿಯಂ ಇನ್ನೂ ಬರುತ್ತಿದೆ ಅಂತ ಅರ್ಥ. ದ್ರಾವಣ ಬದಲಿಸಿ ಮತ್ತೆ ಇಡಿ.

ಓರಲ್ ಪೆಥಾಲಜಿ ಅಧ್ಯಾಪಕಿ, ದಾವಣಗೆರೆ

ಮೂಳೆಗಿಂತ ಮೊದಲು ಹಲ್ಲು ನೋಡಿ ಅನ್ನುತ್ತೇನೆ. ಹಲ್ಲು ಸಿಗುವುದೂ ಸುಲಭ. ಹಲ್ಲು ಸಾಲು ಮಾಡಲು ತೆಗೆದ ಪ್ರಿಮೋಲಾರ್‌ಗಳು ಡೆಂಟಲ್ ಕಾಲೇಜುಗಳಲ್ಲಿ ಬೇಕಾದಷ್ಟಿರುತ್ತವೆ. ಲಿಖಿತವಾಗಿ ಕೇಳಿ ಪಡೆಯಿರಿ. ಆಸಿಡ್ ಖನಿಜ ಕರಗಿಸುತ್ತದೆ ಅಂತ ಮೇಲೆ ಹೇಳಿದ ಮಾತು ಹಲ್ಲಿನಲ್ಲಿ ಕಣ್ಣಿಗೆ ಹೊಡೆದ ಹಾಗೆ ಕಾಣುತ್ತದೆ. ಹಲ್ಲಿನ ಹೊರಗಿನ ಗಟ್ಟಿ ಪದರ ಎನಾಮೆಲ್‌ನ ತೂಕದಲ್ಲಿ ಸುಮಾರು 96% ಖನಿಜ. ಡೀಕ್ಯಾಲ್ಸಿಫೈ ಮಾಡಿದ ಸೆಕ್ಷನ್‌ನಲ್ಲಿ ಎನಾಮೆಲ್ ಇದ್ದ ಜಾಗ ಖಾಲಿ. ಅದರ ಒಳಗಿನ ಪದರ ಡೆಂಟಿನ್ ಮಾತ್ರ ಕೊಲಾಜೆನ್ ಎಂಬ ನಾರಿನ ಪ್ರೋಟೀನ್ ಬಲದಿಂದ ಆಕಾರ ಹಿಡಿದು ನಿಂತಿರುತ್ತದೆ.

ಅದಕ್ಕೇ ಎನಾಮೆಲ್‌ಗೆ ಗ್ರೌಂಡ್ ಸೆಕ್ಷನ್, ಅಂದರೆ ಉಜ್ಜಿ ತೆಳುಮಾಡಿದ ತುಂಡು, ಬೇಕು. ನೀರು ಹಾಕುತ್ತಾ ಡಿಸ್ಕ್‌ನಿಂದ ಹಲ್ಲನ್ನು ಉದ್ದುದ್ದ ಸೀಳಿ, ಒರಟು ಕಾರ್ಬೊರಂಡಮ್ ಕಲ್ಲಿನ ಮೇಲೆ ಉಜ್ಜಿ, ಆಮೇಲೆ ನಯವಾದ ಅರ್ಕಾನ್ಸಾಸ್ ಕಲ್ಲಿಗೆ ಬನ್ನಿ. ಒಂದೇ ಬೆರಳಲ್ಲಿ ಒತ್ತಿದರೆ ಒಂದು ಕಡೆ ತೆಳ್ಳಗಾಗಿ ಮುರಿಯುತ್ತದೆ. ಎರಡು ಬೆರಳು ಚಪ್ಪಟೆಯಾಗಿಟ್ಟು ಎಂಟರ ಆಕಾರದಲ್ಲಿ ತಿರುಗಿಸಿ. ಅಡಿಗೆ ಇಟ್ಟ ಅಕ್ಷರ ಓದಲು ಬರುವಷ್ಟು ತೆಳುವಾದ ಮೇಲೆ ನಡುನಡುವೆ ಮೈಕ್ರೋಸ್ಕೋಪಲ್ಲಿ ಇಟ್ಟು ನೋಡಿ. 50 ಮೈಕ್ರಾನ್ ಅಥವಾ ಅದಕ್ಕಿಂತ ಕಡಿಮೆಗೆ ಬಂದಾಗ ಎನಾಮೆಲ್ ಬೆಳವಣಿಗೆಯ ರೆಟ್ಜಿಯಸ್ ಗೆರೆಗಳು ಕಂದು ಬಣ್ಣದಲ್ಲಿ ಓರೆಯಾಗಿ ಏಳುತ್ತವೆ. ಹೈ ಪವರ್‌ಗೆ ಹೋಗಿ ಒಂದು ಎನಾಮೆಲ್ ರಾಡ್, ಅಂದರೆ ಎನಾಮೆಲ್ ಕಟ್ಟಿರುವ ಸಣ್ಣ ಕಡ್ಡಿ, ಹಿಡಿದು ನೋಡಿದರೆ ಅಡ್ಡಡ್ಡ ಸಣ್ಣ ಪಟ್ಟೆ, ಒಂದರಿಂದ ಇನ್ನೊಂದಕ್ಕೆ ಸುಮಾರು 4 ಮೈಕ್ರಾನ್. ಒಂದೊಂದು ಪಟ್ಟೆ ಒಂದೊಂದು ದಿನದ ಕೆಲಸ! ಮನುಷ್ಯರಲ್ಲಿ ಎರಡು ರೆಟ್ಜಿಯಸ್ ಗೆರೆಗಳ ನಡುವೆ ಸಾಮಾನ್ಯವಾಗಿ 7ರಿಂದ 9 ಪಟ್ಟೆ ಸಿಗುತ್ತವೆ. ಹಾಲು ಹಲ್ಲು ಸಿಕ್ಕಿದರೆ ನಿಯೋನೇಟಲ್ ಲೈನ್ ಹುಡುಕಿ. ಮಗು ಹುಟ್ಟಿದ ಹೊತ್ತಿನ ಗುರುತು ಅದು. ಎಷ್ಟು ವರ್ಷ ಪಾಠ ಮಾಡಿದರೂ ಅದನ್ನು ವಿದ್ಯಾರ್ಥಿಗಳಿಗೆ ತೋರಿಸುವಾಗ ನನಗೆ ಈಗಲೂ ಖುಷಿಯಾಗುತ್ತದೆ.

ಡೆಂಟಿನ್ ಕಡೆಗೂ ನೋಡಿ. ಖನಿಜ ಅಲ್ಲಿ ಗೋಳಗೋಳವಾಗಿ ಬೆಳೆದು ಒಂದಕ್ಕೊಂದು ಕೂಡಿಕೊಳ್ಳುತ್ತದೆ. ಕೂಡದೆ ಉಳಿದ ಜಾಗವೇ ಇಂಟರ್‌ಗ್ಲಾಬ್ಯುಲರ್ ಡೆಂಟಿನ್. ವಿಟಮಿನ್ ಡಿ ಕೊರತೆಯಲ್ಲಿ, ಫ್ಲೋರೈಡ್ ಹೆಚ್ಚಾಗಿ ಬರುವ ಫ್ಲೋರೋಸಿಸ್‌ನಲ್ಲಿ ಇದು ಜಾಸ್ತಿ. ಕೋಲಾರ, ಪಾವಗಡದ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಸಮಸ್ಯೆ ಇದೆ, ಅಲ್ವಾ? ಆ ಊರುಗಳ ಹಲ್ಲು ಸಿಕ್ಕಿದರೆ ಹೋಲಿಸಲು ಒಳ್ಳೆಯ ವಿಷಯ.

ಜೀಬ್ರಾಫಿಶ್ ಲ್ಯಾಬ್, ಬೆಂಗಳೂರು

ಮೇಡಂ ಹೇಳಿದ್ದು ಕೆಲಸ ಮುಗಿದ ಮೇಲಿನ ದಾಖಲೆ. ಮೂಳೆ ಶುರುವಾಗುವುದನ್ನೇ ನೋಡಬೇಕೆಂದರೆ ಜೀಬ್ರಾಫಿಶ್ ಎಂಬ ಸಣ್ಣ ಮೀನಿನ ಮರಿಗಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಇಡೀ ಮರಿ ಪಾರದರ್ಶಕ, ಸೆಕ್ಷನ್ ಬೇಕಿಲ್ಲ. ಮೊಟ್ಟೆ ಫಲಿತವಾದ 3ನೇ ದಿನದ ಹೊತ್ತಿಗೆ ಕಿವಿರಿನ ಮುಚ್ಚಳದ ಮೂಳೆ, ಅಂದರೆ ಓಪರ್ಕಲ್, ಒಂದು ಸಣ್ಣ ಕಡ್ಡಿಯ ಹಾಗೆ ಕಾಣಿಸಿಕೊಳ್ಳುತ್ತದೆ. 5-6ನೇ ದಿನಕ್ಕೆ ಅದರ ಕೆಳತುದಿ ಬೀಸಣಿಗೆಯ ಹಾಗೆ ಅಗಲವಾಗುತ್ತದೆ. ಹೊಸ ಮೂಳೆ ಸೇರುವುದು ಹೆಚ್ಚಾಗಿ ಆ ಕೆಳ ಅಂಚಿನಲ್ಲಿ. ಈ ಒಂದೇ ಮೂಳೆ ಹಿಡಿದು ದಿನದಿನದ ಫೋಟೋ ತೆಗೆದರೂ ಪ್ರಾಜೆಕ್ಟ್ ಆಗುತ್ತದೆ.

ಇಲ್ಲೂ ಆಸಿಡ್ ವಿಚಾರ ಬರುತ್ತದೆ. ಮೃದ್ವಸ್ಥಿಗೆ ಆಲ್ಸಿಯನ್ ಬ್ಲೂ, ಮೂಳೆಗೆ ಅಲಿಜರಿನ್ ಹಾಕುವ ಜೋಡಿ ಬಣ್ಣದ ಹಳೆಯ ವಿಧಾನದಲ್ಲಿ ಆಲ್ಸಿಯನ್ ಬ್ಲೂ ಜೊತೆ ಅಸಿಟಿಕ್ ಆಸಿಡ್ ಇರುತ್ತದೆ. ದೊಡ್ಡ ಮೂಳೆಗೆ ಅದು ಪರವಾಗಿಲ್ಲ. ಮರಿಯಲ್ಲಿ ಆಗ ತಾನೇ ಕೂತ ಖನಿಜ ಅದರಲ್ಲೇ ಕರಗುತ್ತದೆ, ಕೆಂಪು ಬರುವುದಿಲ್ಲ. 2007ರಲ್ಲಿ ವಾಕರ್ ಮತ್ತು ಕಿಮ್ಮೆಲ್ ಆಸಿಡ್ ಬದಲು ಮೆಗ್ನೀಸಿಯಂ ಕ್ಲೋರೈಡ್ ಹಾಕುವ ವಿಧಾನ ಪ್ರಕಟಿಸಿದರು. ಅದನ್ನೇ ಮಾಡಿ. ಬಣ್ಣ ಹಾಕಿದ ಮೇಲೆ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಪೊಟ್ಯಾಶಿಯಂ ಹೈಡ್ರಾಕ್ಸೈಡ್‌ನಲ್ಲಿ ಕಪ್ಪು ಚುಕ್ಕೆ ತೆಗೆದು ಗ್ಲಿಸರಾಲ್‌ಗೆ ಹಾಕಿ. ಎಲ್ಲದಕ್ಕೂ ಡಿಸ್ಟಿಲ್ಡ್ ವಾಟರ್. ನಲ್ಲಿ ನೀರಿನ ಕ್ಯಾಲ್ಸಿಯಂ ಕೂಡ ಅಲಿಜರಿನ್‌ಗೆ ಕ್ಯಾಲ್ಸಿಯಂ ತಾನೇ.

ವಯಸ್ಸಿನ ಜೊತೆ ಮರಿಯ ಉದ್ದವನ್ನೂ ಬರೆದಿಡಿ. ಒಂದೇ ದಿನ ಹುಟ್ಟಿದ ಮರಿಗಳು ಒಂದೇ ಸಮ ಬೆಳೆಯುವುದಿಲ್ಲ. ಮೂಳೆಯ ಹಂತ ವಯಸ್ಸಿಗಿಂತ ಉದ್ದಕ್ಕೇ ಚೆನ್ನಾಗಿ ಹೊಂದುತ್ತದೆ. ಮತ್ತೆ, ಸಂಸ್ಥೆಯ ಪ್ರಾಣಿ ಎಥಿಕ್ಸ್ ಕಮಿಟಿಯನ್ನು ಮೊದಲೇ ಕೇಳಿ. ಆ ಕಾಗದಕ್ಕೆ ಬಣ್ಣ ಹಾಕುವುದಕ್ಕಿಂತ ಜಾಸ್ತಿ ಟೈಮ್ ಬೇಕಾಗಬಹುದು.

ಕೇಳಿದವರು

ತುಂಬಾ ಧನ್ಯವಾದ. ನಮ್ಮಲ್ಲಿ ಜೀಬ್ರಾಫಿಶ್ ಇಲ್ಲ. ಕೋಳಿ ಭ್ರೂಣ ಆಗುತ್ತದಾ? ಮೊದಲ ಹರಳು ಹುಟ್ಟುವ ಜಾಗ ನಮ್ಮ ಮೈಕ್ರೋಸ್ಕೋಪಿಗೆ ಸಿಗುತ್ತದಾ?

ಹಿಸ್ಟಾಲಜಿ ಟೆಕ್ನಿಷಿಯನ್, ಹುಬ್ಬಳ್ಳಿ

ಕೋಳಿ ಖಂಡಿತ ಆಗುತ್ತದೆ. ಅಂಗಡಿ ಮೊಟ್ಟೆ ಬೇಡ, ಅದು ಸಾಮಾನ್ಯವಾಗಿ ಫಲಿತವಾಗಿರಲ್ಲ. ಹ್ಯಾಚರಿಯಿಂದ ತನ್ನಿ. 37.5 ಡಿಗ್ರಿ, ತೇವ ಇರಲಿ. 8, 10, 12ನೇ ದಿನದ ಭ್ರೂಣ ತೆಗೆದು ಜೋಡಿ ಬಣ್ಣ ಹಾಕಿದರೆ ಕಾಲಿನ ಉದ್ದ ಮೂಳೆ ನೋಡಿ: ನೀಲಿ ಮೃದ್ವಸ್ಥಿಯ ನಡುಭಾಗವನ್ನು ಸುತ್ತಿಕೊಂಡು ಕೆಂಪು ಪಟ್ಟಿ. ದಿನ ಕಳೆದ ಹಾಗೆ ಅದು ಎರಡು ತುದಿಗೂ ಸರಿಯುತ್ತದೆ. ಮೂಳೆ ಒಳಗಿನಿಂದಲ್ಲ, ಹೊರಗೆ ಸುತ್ತಿದ ಆ ಪಟ್ಟಿಯಿಂದ ಶುರುವಾಗುತ್ತದೆ ಅನ್ನುವುದು ಅಲ್ಲಿ ಗೊತ್ತಾಗುತ್ತದೆ.

ಮೊದಲ ಹರಳು ಮಾತ್ರ ಸಿಗಲ್ಲ. ಮ್ಯಾಟ್ರಿಕ್ಸ್ ವೆಸಿಕಲ್ ಅನ್ನುವ ಚೀಲಗಳಲ್ಲಿ ಖನಿಜ ಶುರುವಾಗುವುದನ್ನು 1967ರಲ್ಲಿ ಆಂಡರ್ಸನ್ ಮತ್ತು ಬೊನೂಚಿ ಬೇರೆಬೇರೆಯಾಗಿ ತೋರಿಸಿದ್ದು ಎಲೆಕ್ಟ್ರಾನ್ ಮೈಕ್ರೋಸ್ಕೋಪಲ್ಲಿ. ಅವು ಸುಮಾರು 100 ನ್ಯಾನೋಮೀಟರ್ ಆಸುಪಾಸು. ಲೈಟ್ ಮೈಕ್ರೋಸ್ಕೋಪ್ ಬಿಡಿಸಿ ತೋರಿಸುವುದು ಹೆಚ್ಚೆಂದರೆ 200ರವರೆಗೆ. "ಖನಿಜ ಯಾವಾಗ, ಎಲ್ಲಿ, ಯಾವ ಕಡೆಗೆ ಹರಡಿತು" ಅಂತ ಪ್ರಶ್ನೆ ಇಟ್ಟುಕೊಳ್ಳಿ. ಅದಕ್ಕೆ ನಿಮ್ಮ ಸಾಮಾನು ಸಾಕು.

ಮೀನುಗಾರಿಕೆ ಸಂಶೋಧಕಿ, ಮಂಗಳೂರು

ಬಣ್ಣವೂ ಬೇಡ, ಪ್ರಾಣಿ ಸಾಕುವುದೂ ಬೇಡ ಅಂದರೆ ಮೀನಿನ ಕಿವಿಕಲ್ಲು, ಓಟೋಲಿತ್ ನೋಡಿ. ಇದು ಕ್ಯಾಲ್ಸಿಯಂ ಕಾರ್ಬೊನೇಟ್, ಅರಗೊನೈಟ್ ರೂಪದ್ದು. ಮೂಳೆಯ ಹಾಗೆ ಫಾಸ್ಫೇಟ್ ಅಲ್ಲ, ಹಾಗಾಗಿ ಹೋಲಿಸಲು ಒಳ್ಳೆಯದು. ಬಂದರಿನಿಂದ ಚಿಕ್ಕ ಬಂಗುಡೆ ತಂದು ತಲೆ ಬಿಡಿಸಿ ತೆಗೆಯಬಹುದು. ಮೀನನ್ನು ಮಾತ್ರ ಫಾರ್ಮಾಲಿನ್‌ಗೆ ಹಾಕಬೇಡಿ, ಕಲ್ಲಿನ ಅಂಚು ಸವೆಯುತ್ತದೆ. ಕಲ್ಲನ್ನು ತೊಳೆದು ಒಣಗಿಸಿಡಿ, ಅಥವಾ ಆಲ್ಕೋಹಾಲ್‌ನಲ್ಲಿಡಿ. ಬಣ್ಣವಿಲ್ಲದ ನೇಲ್ ಪಾಲಿಷ್‌ನಿಂದ ಸ್ಲೈಡಿಗೆ ಅಂಟಿಸಿ, ನಯವಾದ ಕಾಗದದ ಮೇಲೆ ನಡುವಿನ ಕೇಂದ್ರ ಕಾಣುವವರೆಗೆ ಉಜ್ಜಿ. ಆಯಿಲ್ ಇಮ್ಮರ್ಶನ್‌ನಲ್ಲಿ ಕೇಂದ್ರದ ಸುತ್ತ ತೆಳು ಉಂಗುರಗಳು ಸಾಲಾಗಿ ಸಿಗುತ್ತವೆ. ಇವು ದಿನಕ್ಕೊಂದರಂತೆ ಕೂರುತ್ತವೆ ಅಂತ ಪನೆಲ್ಲಾ 1971ರಲ್ಲಿ ಹೇಳಿದರು. ದೊಡ್ಡ ಮೀನಿನಲ್ಲಿ ಅಂಚಿನ ಉಂಗುರಗಳು ಒತ್ತೊತ್ತಾಗಿ ಎಣಿಸಲು ಬರಲ್ಲ, ಚಿಕ್ಕ ಮೀನೇ ತನ್ನಿ.

ಹಿಸ್ಟಾಲಜಿ ಟೆಕ್ನಿಷಿಯನ್, ಹುಬ್ಬಳ್ಳಿ

ಇನ್ನೊಂದು ಬಿಟ್ಟುಹೋಗಿತ್ತು. 8-10 ದಿನದ ಕೋಳಿ ಭ್ರೂಣದ ಮೂಳೆ ಡೀಕ್ಯಾಲ್ಸಿಫೈ ಮಾಡದೆಯೂ ಮೇಣದಲ್ಲಿ ಕತ್ತರಿಸಲು ಬರುವಷ್ಟು ಮೆತ್ತಗಿರುತ್ತದೆ. ಅದರ ಮೇಲೆ ವಾನ್ ಕೊಸ್ಸಾ ಅನ್ನುವ ಬಣ್ಣದ ವಿಧಾನ ಮಾಡಿ. ಸಿಲ್ವರ್ ನೈಟ್ರೇಟ್ ಹಾಕಿ ಜೋರು ಬೆಳಕಿನ ಕೆಳಗಿಟ್ಟರೆ ಖನಿಜ ಇದ್ದಲ್ಲಿ ಕಪ್ಪಾಗುತ್ತದೆ. ಬೆಳ್ಳಿ ಹಿಡಿಯುವುದು ಫಾಸ್ಫೇಟ್ ಮತ್ತು ಕಾರ್ಬೊನೇಟ್ ಅನ್ನು, ಕ್ಯಾಲ್ಸಿಯಂ ಅನ್ನಲ್ಲ. ಆದ್ದರಿಂದ ಪಕ್ಕದ ಸೆಕ್ಷನ್‌ಗೆ ಅಲಿಜರಿನ್ ಹಾಕಿ, ಎರಡೂ ಒಂದೇ ಜಾಗದಲ್ಲಿ ಬಂದರೆ ಮಾತ್ರ ಕ್ಯಾಲ್ಸಿಯಂ ಫಾಸ್ಫೇಟ್ ಅನ್ನಿ. ಮೂರನೆಯ ಸೆಕ್ಷನ್ ಅನ್ನು ಮೊದಲು ಫಾರ್ಮಿಕ್ ಆಸಿಡ್‌ನಲ್ಲಿ ಅದ್ದಿ, ಚೆನ್ನಾಗಿ ತೊಳೆದು, ಅದೇ ಬಣ್ಣಗಳನ್ನು ಹಾಕಿ. ಅದರಲ್ಲಿ ಕಪ್ಪೂ ಬರಬಾರದು, ಕೆಂಪೂ ಬರಬಾರದು. ವೈವಾದಲ್ಲಿ "ಇದು ಬಣ್ಣದ ಕೊಳೆ ಅಲ್ಲ ಅಂತ ಹೇಗೆ ಹೇಳುತ್ತೀರಿ" ಅಂತ ಕೇಳಿಯೇ ಕೇಳುತ್ತಾರೆ, ಆಗ ಈ ಮೂರನೆಯ ಸ್ಲೈಡ್ ತೋರಿಸಿ.