ಜಾನಿಸರಿ ಪಡೆ ಹದಗೆಟ್ಟದ್ದು ಯಾಕೆ?

ಪ್ರಶ್ನೆ, ಡೊಂಬಿವಲಿ:
ಇಲ್ಲಿನ ಕನ್ನಡ ಬಳಗದಲ್ಲಿ ತುರ್ಕಿಯ ಒಟ್ಟೊಮನ್ ಸುಲ್ತಾನರ ಜಾನಿಸರಿ ಕಾಲಾಳುಗಳ ಬಗ್ಗೆ ಮಾತಾಡಬೇಕಿದೆ. ಮದುವೆಗೆ ಅನುಮತಿ ಸಿಕ್ಕಿದ್ದರಿಂದಲೇ ಶಿಸ್ತು ಹಾಳಾಯಿತು ಎನ್ನುತ್ತಾರೆ. ಅಷ್ಟೇ ಕಾರಣವೇ? ನಮ್ಮ ಕರಾವಳಿಗೂ ಇವರು ಬಂದಿದ್ದರೇ?

ಉತ್ತರ, ಪುಣೆ:
ಮದುವೆಗಿಂತ ಭರ್ತಿ ಮತ್ತು ಸಂಬಳದ ಕಡೆ ನೋಡಿ. 14ನೇ ಶತಮಾನದಲ್ಲಿ ಯುದ್ಧಕೈದಿಗಳಿಂದ ಶುರುವಾದ ಪಡೆಗೆ ಮುಂದೆ ಬಾಲ್ಕನ್ ಕ್ರೈಸ್ತ ಹಳ್ಳಿಗಳಿಂದ, ಸುಮಾರು 40 ಮನೆಗೊಬ್ಬನಂತೆ, ಹುಡುಗರನ್ನು ಒಯ್ಯುತ್ತಿದ್ದರು. ಇದೇ ದೇವ್ಶಿರ್ಮೆ. ಒಬ್ಬನೇ ಮಗನಿದ್ದರೆ ಬಿಡುವುದು ನಿಯಮ. ಅನಾತೋಲಿಯದ (ಇಂದಿನ ತುರ್ಕಿಯ ಏಷ್ಯಾ ಭಾಗ) ರೈತರ ಮನೆಯಲ್ಲಿ ಕೆಲವು ವರ್ಷ ದುಡಿದು ತುರ್ಕಿ ಭಾಷೆ, ಇಸ್ಲಾಂ ಕಲಿತು, ಇಸ್ತಾಂಬುಲಿನಲ್ಲಿ ತಯಾರಾದ ಮೇಲೇ ಪಡೆಗೆ ಸೇರಿಕೆ. ಮೂರು ತಿಂಗಳಿಗೊಮ್ಮೆ ನಗದು ಸಂಬಳ. 16ನೇ ಶತಮಾನದ ಸುಲ್ತಾನ ಸುಲೇಮಾನನ ಕಾಲಕ್ಕೆ ಇವರು ಸುಮಾರು 12,000.

ಆಸ್ಟ್ರಿಯದ ಹ್ಯಾಬ್ಸ್‌ಬರ್ಗ್ ಅರಸರೊಡನೆ ನಡೆದ 1593–1606ರ ಯುದ್ಧದಲ್ಲಿ ಕೋವಿ ಹಿಡಿಯುವವರು ತುರ್ತಾಗಿ ಬೇಕಾದರು. ಸೈನಿಕರ ಮಕ್ಕಳು, ಹೊರಗಿನವರು ಒಳಬಂದರು. 1609ಕ್ಕೆ ಸಂಖ್ಯೆ 37,000 ದಾಟಿತು. ಖಜಾನೆಗೆ ತಾಳಲಿಲ್ಲ, ಬೆಳ್ಳಿ ಕಮ್ಮಿಯಾದ ನಾಣ್ಯದಲ್ಲಿ ಸಂಬಳ ಸಿಕ್ಕವನು ಪೇಟೆಯ ಕಸುಬಿಗಿಳಿದ.

ಉತ್ತರ, ಮಾಟುಂಗಾ:
ಇದಕ್ಕೆ ಸೇರಿಸಬೇಕಾದದ್ದು ಎಸಾಮೆ, ಅಂದರೆ ಸಂಬಳದ ಚೀಟಿ. ಸತ್ತವರ ಚೀಟಿ ಕೈಬದಲಾಗಿ ಮಾರಾಟವಾಗುತ್ತಿತ್ತು. ಯುದ್ಧದ ಮುಖ ನೋಡದವನೂ ಸಂಬಳ ಎತ್ತುತ್ತಿದ್ದ. ಸುಧಾರಣೆ ಎಂದರೆ ಇಂಥವರ ಅನ್ನಕ್ಕೇ ಕಲ್ಲು, ಹಾಗಾಗಿ ಅಷ್ಟು ವಿರೋಧ. ಸುಲ್ತಾನನ ಅನ್ನ ಬೇಯುವ ಕೊಪ್ಪರಿಗೆಯನ್ನು ಮಗುಚಿ ಹಾಕಿದರೆ ದಂಗೆ ಎಂದರ್ಥ. 1622ರಲ್ಲಿ ಸುಲ್ತಾನ ಎರಡನೇ ಉಸ್ಮಾನನನ್ನು ಕೊಂದರು. 1807ರಲ್ಲಿ ಸುಧಾರಣೆಗೆ ಹೊರಟ ಮೂರನೇ ಸಲೀಮನನ್ನು ಪಟ್ಟದಿಂದ ಇಳಿಸಿದರು.

ಸಲೀಮ್ ಸೋತಲ್ಲಿ ಸುಲ್ತಾನ ಎರಡನೇ ಮಹಮೂದ್ ಗೆದ್ದದ್ದು ಹೇಗೆ ಎಂಬುದನ್ನು ಭಾಷಣದಲ್ಲಿ ಖಂಡಿತ ಹೇಳಿ. ಅವನು ಅವಸರ ಮಾಡಲಿಲ್ಲ. ಮೊದಲು ತೋಪಿನ ಪಡೆಯನ್ನು, ಉಲೇಮಾಗಳನ್ನು (ಇಸ್ಲಾಂ ಧರ್ಮಪಂಡಿತರನ್ನು) ತನ್ನ ಕಡೆ ಮಾಡಿಕೊಂಡು, ಆಮೇಲೆ ಹೊಸ ಕವಾಯತಿನ ಆಜ್ಞೆ ಹೊರಡಿಸಿದ. ದಂಗೆಯೆದ್ದಾಗ, 1826ರ ಜೂನ್ 15ರಂದು, ಅವರ ಬಿಡಾರಗಳ ಮೇಲೆ ತೋಪು ಹಾರಿಸಿದ. ಸಾವಿರಾರು ಜನ ಸತ್ತರು, ಪಡೆಯೇ ರದ್ದಾಯಿತು.

ಉತ್ತರ, ಮಡಗಾಂವ್:
ಕರಾವಳಿಯ ಪ್ರಶ್ನೆಗೆ: ಹೌದು, 1538ರಲ್ಲಿ ಗುಜರಾತ್ ಕರಾವಳಿಯ ದೀವ್‌ಗೆ. ಅಲ್ಲಿನ ಪೋರ್ಚುಗೀಸ್ ಕೋಟೆಗೆ ಮುತ್ತಿಗೆ ಹಾಕಲು ಈಜಿಪ್ಟಿನ ಒಟ್ಟೊಮನ್ ರಾಜ್ಯಪಾಲ ಹಾದಿಮ್ ಸುಲೇಮಾನ್ ಪಾಷಾ ಸೂಯೆಜ್‌ನಿಂದ ತಂದ ನೌಕಾಪಡೆಯಲ್ಲಿ ಜಾನಿಸರಿಗಳಿದ್ದರು. ಕೋಟೆಯಲ್ಲಿ ಪೋರ್ಚುಗೀಸ್ ನಾಯಕ ಆಂಟೋನಿಯೊ ದ ಸಿಲ್ವೇರಾ. ದಾರಿಯಲ್ಲಿ ಏಡನ್ನಿನ ಒಡೆಯನನ್ನು ಪಾಷಾ ಗಲ್ಲಿಗೇರಿಸಿದ್ದ. ಆ ಸುದ್ದಿ ತಿಳಿದ ಮೇಲೆ, ಮುತ್ತಿಗೆಯಲ್ಲಿ ಜೊತೆಗಿದ್ದ ಗುಜರಾತಿಗಳಿಗೆ ಅವನ ಮೇಲೆ ನಂಬಿಕೆ ಉಳಿಯಲಿಲ್ಲ. ಗೋವೆಯಿಂದ ಪೋರ್ಚುಗೀಸ್ ಹಡಗುಗಳು ಬರುತ್ತಿವೆ ಎಂಬ ಮಾತೂ ಹಬ್ಬಿತು. ನವೆಂಬರಿನಲ್ಲಿ ಪಾಷಾ ಮುತ್ತಿಗೆ ಬಿಟ್ಟು ಹೊರಟ.

ಒಂದು ಎಚ್ಚರಿಕೆ: ದಖ್ಖನಿನಲ್ಲಿ ‘ರೂಮಿ’ (ಒಟ್ಟೊಮನ್ ನಾಡಿನವ) ಎಂದು ಕಂಡವರನ್ನೆಲ್ಲ ಜಾನಿಸರಿ ಎನ್ನಬೇಡಿ. ವಿಜಯಪುರದ ಮಲಿಕ್-ಎ-ಮೈದಾನ್ ತೋಪನ್ನು 1549ರಲ್ಲಿ ಅಹ್ಮದನಗರದಲ್ಲಿ ಎರಕ ಹೊಯ್ದ ಮುಹಮ್ಮದ್ ಬಿನ್ ಹಸನ್ ರೂಮಿ ತೋಪು ಎರಕದ ಕುಶಲಿ. ಅವನಿಗೆ ಈ ಪಡೆಯ ನಂಟು ಕಟ್ಟಲು ಆಧಾರವಿಲ್ಲ.